ಹಳೆಯ ಖಾತೆಯಲ್ಲಿ ಉಳಿದದ್ದು

ನಮ್ಮ ಮನೆಗೆ ಪಾಸ್‌ವರ್ಡ್ ಮ್ಯಾನೇಜರ್ ಎಂಬ ಆ್ಯಪನ್ನು ತಂದವನು ನನ್ನ ಮೈದುನ. ಇದನ್ನು ಮೊದಲೇ ಹೇಳಿಬಿಡಬೇಕು. ಮುಂದೆ ಅವನ ವಿಷಯ ಬರೆಯುವಾಗ, ಅವನಿಂದ ನಮಗೆ ಒಳ್ಳೆಯದೇನೂ ಆಗಿರಲಿಲ್ಲ ಎಂದು ಓದಿದವರಿಗೆ ಅನ್ನಿಸಬಾರದು. ಶ್ರೀನಿವಾಸಪುರದಲ್ಲಿ ಅವನದು ಹನಿ ನೀರಾವರಿಯ ಪೈಪು, ಮೋಟಾರು ಮಾರುವ ಅಂಗಡಿ. ಕರೆಂಟ್ ಬಿಲ್ಲು, ಗ್ಯಾಸ್ ಬುಕ್ಕಿಂಗ್, ಬ್ಯಾಂಕಿನ ವ್ಯವಹಾರ, ರೇಷ್ಮೆ ಇಲಾಖೆಯ ಅರ್ಜಿ, ಹೀಗೆ ಫೋನಿನಲ್ಲಿ ಮಾಡುವ ಕೆಲಸವೆಲ್ಲ ಮನೆಯಲ್ಲಿ ಅವನ ಪಾಲಿಗೇ ಬರುತ್ತಿತ್ತು. ನಾನು ಪಾಸ್‌ವರ್ಡುಗಳನ್ನು ಮರೆಯುವುದು, ಅವನು ಅಂಗಡಿ ಮುಚ್ಚಿ ಬಂದ ಮೇಲೆ ಹೊಸದು ಮಾಡಿಕೊಡುವುದು, ಹೀಗೇ ನಡೆಯುತ್ತಿತ್ತು.

ಒಂದು ಭಾನುವಾರ ಅವನು ಜಗಲಿಯ ಮೇಲೆ ನನ್ನ ಪಕ್ಕ ಕೂತು ಆ ಆ್ಯಪ್ ಹಾಕಿಕೊಟ್ಟ.

"ಅತ್ತಿಗೆ, ಇನ್ಮೇಲೆ ಒಂದೇ ಒಂದು ನೆನಪಿಟ್ಕೊಳಿ. ಮಿಕ್ಕಿದ್ದೆಲ್ಲ ಇದರೊಳಗೆ ಇರ್ತದೆ. ಆ ಒಂದನ್ನ ಯಾರಿಗೂ ಹೇಳ್ಬೇಡಿ. ನಂಗೂ ಹೇಳ್ಬೇಡಿ."

"ನಿಂಗೂ ಬೇಡ್ವಾ?"

"ನಂಗೂ ಬೇಡ. ಮರೆತ್ರೆ ಮಾತ್ರ ನಾನೂ ಏನೂ ಮಾಡಕ್ಕಾಗಲ್ಲ, ಆ ಕಂಪ್ನಿಯೋರೂ ಏನೂ ಮಾಡಕ್ಕಾಗಲ್ಲ."

ತಾಳ್ಮೆಯಿಂದ ಹೇಳಿಕೊಟ್ಟ. ನಾನು ತಪ್ಪು ಒತ್ತಿದಾಗ ರೇಗಲಿಲ್ಲ. ಮನೆಯವರಿಗೆಲ್ಲ ಸೇರಿ ಒಂದು ಗುಂಪು ಮಾಡಿ, ಅದರ ಯಜಮಾನಿಕೆಯನ್ನು ತಾನೇ ಇಟ್ಟುಕೊಂಡ. ಆ ಗುಂಪಿನೊಳಗೆ ನನಗೊಂದು, ನನ್ನ ಗಂಡನಿಗೊಂದು, ಅವನ ಹೆಂಡತಿಗೊಂದು ಖಾತೆ. ಒಬ್ಬರದನ್ನು ಇನ್ನೊಬ್ಬರು ತೆರೆಯುವ ಹಾಗಿಲ್ಲ. ಯಾರನ್ನು ಸೇರಿಸಬೇಕು, ಯಾರನ್ನು ತೆಗೆಯಬೇಕು ಎಂಬುದು ಮಾತ್ರ ಅವನ ಕೈಯಲ್ಲಿ.

ನಮ್ಮದು ಮುಳಬಾಗಿಲು ತಾಲ್ಲೂಕು. ಮನೆಯ ಹಿಂದೆ ಚಾಕಿ ಮನೆ ಇದೆ. ಕೋಲಾರದಿಂದ ರೇಷ್ಮೆ ಮೊಟ್ಟೆ ತಂದು, ಮರಿ ಮಾಡಿಸಿ, ಎರಡನೇ ಜ್ವರ ಏಳುವವರೆಗೆ ಸಾಕಿ ರೈತರಿಗೆ ಕೊಡುವುದು ನಮ್ಮ ಕೆಲಸ. ಹುಳು ಪೊರೆ ಬಿಡಲು ಮೇವು ಬಿಟ್ಟು ಸುಮ್ಮನೆ ಮಲಗುವುದನ್ನು ನಮ್ಮ ಕಡೆ ಜ್ವರ ಅನ್ನುತ್ತಾರೆ. ಚಾಕಿ ಮನೆಯನ್ನು ನಡೆಸುತ್ತಿದ್ದವರು ನಾನು ಮತ್ತು ನನ್ನ ಓರಗಿತ್ತಿ, ಅಂದರೆ ಈ ಮೈದುನನ ಹೆಂಡತಿ. ಹುಳುವಿಗೆ ರೋಗ ಬೇಗ ಅಂಟುತ್ತದೆ. ಹಾಗಾಗಿ ಬ್ಲೀಚಿಂಗ್ ಪೌಡರ್ ಕಲಸಿದ ನೀರಿನಲ್ಲಿ ಕೈಕಾಲು ತೊಳೆದು, ಚಪ್ಪಲಿ ಬದಲಿಸದೆ ಯಾರೂ ಒಳಗೆ ಬರುವಂತಿಲ್ಲ. ಗಂಡಸರಿಗೆ ಅದು ರಗಳೆ. ಅವರು ಬಾಗಿಲ ಆಚೆ ನಿಂತೇ ಕೂಗುತ್ತಿದ್ದರು. ಓರಗಿತ್ತಿಗೆ ಆ ಮನೆಯಲ್ಲಿ ಗಂಡ ಕಾಲಿಡದ ಜಾಗವೆಂದರೆ ಅದೊಂದೇ ಆಗಿತ್ತು. ನನಗೆ ಇದು ಹೊಳೆದದ್ದು ಬಹಳ ತಡವಾಗಿ.

ಒಂದು ಬೆಳಿಗ್ಗೆ ಅವಳು ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದಾಗ ಒಂದೇ ಕೈಯಲ್ಲಿ ಹೆಚ್ಚುತ್ತಿರುವುದನ್ನು ಕಂಡೆ. ಕೇಳಿದೆ. ಅವಳು ಕುಪ್ಪಸದ ತೋಳನ್ನು ಮೇಲೆ ಸರಿಸಿದಳು. ಆಮೇಲೆ ತಲೆ ತಿರುಗಿಸಿ ಕಿವಿಯನ್ನೂ ತೋರಿಸಿದಳು.

ನನಗೆ ಏನು ಮಾಡಬೇಕೆಂದು ತೋಚಲಿಲ್ಲ. ಫೋಟೋ ತೆಗೆಯೋಣ ಎಂದವಳು ಅವಳೇ. ಕಿಟಕಿಯ ಬೆಳಕಿಗೆ ನಿಲ್ಲಿಸಿ ನನ್ನ ಫೋನಿನಲ್ಲಿ ತೆಗೆದೆ. ಆದರೆ ನಮ್ಮ ಮನೆಯಲ್ಲಿ ಫೋನು ಒಬ್ಬರ ಕೈಯಲ್ಲಿ ನಿಲ್ಲುವ ವಸ್ತುವಲ್ಲ. ಅವಳ ಮಗಳು ಅದರಲ್ಲೇ ಚಿತ್ರ ನೋಡಬೇಕು. ನನ್ನ ಗಂಡ ಗ್ಯಾಲರಿ ತೆರೆದು ಸೊಪ್ಪಿಗೆ ಬಂದ ರೋಗವನ್ನು ಕಂಡವರಿಗೆಲ್ಲ ತೋರಿಸಬೇಕು.

"ಆ ಆ್ಯಪ್‌ನೊಳಗೆ ಹಾಕಿಡಕ್ಕಾ," ಅಂದಳು. "ಅವ್ರೇ ಹೇಳಿದ್ದಲ್ವಾ, ಯಾರೂ ತೆಗೆಯಕ್ಕಾಗಲ್ಲ ಅಂತ."

"ಏನಂತ ಹೆಸರಿಡೋದು?"

"ಬ್ಲೀಚಿಂಗ್ ಪೌಡರ್ ಅಂಗಡಿ ಅಂತ ಇಡು. ಆ ವಾಸ್ನೆಗೆ ಯಾವನೂ ಹತ್ರ ಬರಲ್ಲ."

ಇಬ್ಬರೂ ನಕ್ಕೆವು. ಅವಳು ನಗುವಾಗ ಕಿವಿಯನ್ನು ಹಿಡಿದುಕೊಂಡಿದ್ದಳು. ಪಾಸ್‌ವರ್ಡುಗಳ ಜೊತೆ ಫೈಲು, ಫೋಟೋಗಳನ್ನೂ ಅಂಟಿಸಿಡುವ ಅನುಕೂಲ ಅದರಲ್ಲಿತ್ತು. ಆ ಹೆಸರಿನಡಿ ಫೋಟೋ ಅಂಟಿಸಿ, ಗ್ಯಾಲರಿಯಿಂದ ಅಳಿಸಿ, ಅಳಿಸಿದ್ದು ಹೋಗಿ ಬೀಳುವ ಬುಟ್ಟಿಯಿಂದಲೂ ಅಳಿಸಿದೆ. ಮುಂದಿನ ತಿಂಗಳುಗಳಲ್ಲಿ ಆ ಹೆಸರಿನಡಿ ಇನ್ನೂ ಕೆಲವು ಫೋಟೋಗಳು ಸೇರಿದವು.

ಕೊನೆಗೆ ಅವಳು ಮಗಳನ್ನು ಕರೆದುಕೊಂಡು ಟೇಕಲ್ ಹತ್ತಿರದ ತವರಿಗೆ ಹೋದಳು. ಇವನು ಅಲ್ಲಿಗೂ ಹೋಗಿ ಬಾಗಿಲು ಬಡಿದ. ಮಗುವನ್ನು ಎಳೆದುಕೊಂಡು ಹೋಗುತ್ತೇನೆಂದು ಬೀದಿ ಸೇರುವ ಹಾಗೆ ಕೂಗಾಡಿದ. ಅವಳು ಮಾಲೂರಿನ ಕೋರ್ಟಿಗೆ ಹೋದಳು. ಜೀವನಾಂಶ ಬೇಡ, ಒಡವೆ ಬೇಡ, ಅವನು ತನ್ನ ತವರಿನ ಬಾಗಿಲಿಗೆ ಬರಕೂಡದು, ಮಗು ತನ್ನ ಹತ್ತಿರವೇ ಇರಬೇಕು ಎಂದು ಆದೇಶವಾಗಲಿ. ಅವಳು ಕೇಳಿದ್ದು ಅಷ್ಟೇ. ಪುರಾವೆ ಏನಿದೆ ಎಂದು ಅವಳ ವಕೀಲರು ಕೇಳಿದರು. ಅವರು ಮಾಲೂರಿನಲ್ಲೇ ಕೆಲಸ ಮಾಡುವ ಹೆಂಗಸು. "ನಮ್ಮಕ್ಕನ ಹತ್ರ ಫೋಟೋ ಐತೆ," ಎಂದು ಇವಳು ಹೇಳಿದಳು. ನನಗೆ ಫೋನು ಮಾಡಿ ಕೇಳಿದಾಗ, "ಭದ್ರವಾಗೈತೆ, ಯೋಚ್ನೆ ಮಾಡ್ಬೇಡ," ಎಂದು ನಾನೂ ಹೇಳಿದೆ.

ಆ ವಾರವೇ ಆ್ಯಪ್ ತೆರೆದಾಗ ಗುಂಪಿನ ಪಟ್ಟಿಯಲ್ಲಿ ಅವಳ ಹೆಸರು ಇರಲಿಲ್ಲ. ಅವನು ತೆಗೆದುಹಾಕಿದ್ದ. ನಾಳೆ ನನ್ನನ್ನೂ ತೆಗೆದರೆ ಏನಾಗುತ್ತದೆ, ನನ್ನ ಖಾತೆಯೊಳಗಿನದು ಏನಾಗುತ್ತದೆ ಎಂಬುದು ನನಗೆ ತಿಳಿಯದು. ಕೇಳಬೇಕೆಂದರೆ ಕೇಳಬೇಕಾದದ್ದು ಅವನನ್ನೇ. ಆದ್ದರಿಂದ ನನ್ನದೇ ಹೆಸರಿನಲ್ಲಿ, ಅವನ ಗುಂಪಿಗೆ ಸೇರದ ಹೊಸ ಖಾತೆ ತೆರೆದು, ಎಲ್ಲವನ್ನೂ ಅಲ್ಲಿಗೆ ಸಾಗಿಸಿಬಿಡುವುದೆಂದು ನಿಶ್ಚಯಿಸಿದೆ.

ಆ ಬೆಳಿಗ್ಗೆ ಹುಳುಗಳು ಮೊದಲ ಜ್ವರದಿಂದ ಎದ್ದಿದ್ದವು. ಎದ್ದ ಮೇಲೆ ಹಾಸಿಗೆ ಬದಲಿಸಬೇಕು. ಹುಳುಗಳ ಮೇಲೆ ಸಣ್ಣ ಕಣ್ಣಿನ ಬಲೆ ಹಾಸಿ, ಅದರ ಮೇಲೆ ಹೊಸ ಸೊಪ್ಪನ್ನು ಉದುರಿಸುತ್ತೇವೆ. ಹಸಿದ ಹುಳುಗಳು ಬಲೆಯ ಕಣ್ಣಿನಿಂದ ಮೇಲೆ ಹತ್ತಿ ಸೊಪ್ಪಿಗೆ ಬರುತ್ತವೆ. ಬಲೆಯನ್ನು ಎತ್ತಿ ಹೊಸ ತಟ್ಟೆಗೆ ಇಟ್ಟರೆ ಆಯಿತು. ಕೆಳಗೆ ಉಳಿಯುವುದು ಒಣಗಿದ ಸೊಪ್ಪು, ಹಿಕ್ಕೆ, ಸತ್ತ ಹುಳು, ಮೇಲೆ ಹತ್ತಲಾರದ ರೋಗದ ಹುಳು. ಆ ಹಳೆಯ ಹಾಸಿಗೆಯನ್ನು ಕೆದಕಬಾರದು, ಇಟ್ಟುಕೊಳ್ಳಲೂಬಾರದು. ತಕ್ಷಣ ದೂರ ಒಯ್ದು ಹೂಳಬೇಕು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಒಂದು ಜೀವಂತ ಹುಳು ಕೆಳಗೇ ಉಳಿದದ್ದನ್ನು ನೋಡಿ ಎತ್ತಿಕೊಳ್ಳಲು ಹೋಗಿದ್ದೆ. ಬೇಡ ಅನ್ನುವುದನ್ನು ತೆಲುಗಿನಲ್ಲೇ ಅನ್ನುತ್ತಿದ್ದ ನಮ್ಮತ್ತೆ ಕೈಮೇಲೆ ಹೊಡೆದು, "ಒದ್ದಮ್ಮಾ, ಬಿಡು! ಮೇಲೆ ಬಂದಿದ್ದು ನಮ್ದು, ಬರದೆ ಇದ್ದದ್ದು ನಮ್ದಲ್ಲ," ಅಂದಿದ್ದರು. ಅಂದಿನಿಂದ ನಾನು ಹಳೆಯ ಹಾಸಿಗೆಯ ಕಡೆ ನೋಡುವುದನ್ನೇ ಬಿಟ್ಟೆ. ನೋಡಿದರೆ ಕೈ ಹೋಗುತ್ತದೆ.

ಹಾಸಿಗೆ ಬದಲಿಸಿ, ಕೈ ತೊಳೆದು, ಮುಂದಿನ ಕೋಣೆಯಲ್ಲಿ, ಚಾಕಿ ಲೆಕ್ಕಕ್ಕೆಂದು ಇಟ್ಟಿದ್ದ ಲ್ಯಾಪ್‌ಟಾಪಿನ ಮುಂದೆ ಕೂತೆ. ಹೊಸ ಖಾತೆ ತೆರೆದೆ. ಹೊಸ ಪಾಸ್‌ವರ್ಡನ್ನು ಮನಸ್ಸಿನಲ್ಲೇ ಹೇಳಿಕೊಂಡು ಗಟ್ಟಿ ಮಾಡಿಕೊಂಡೆ. ಹಳೆಯ ಖಾತೆಯಿಂದ ಎಲ್ಲವನ್ನೂ ಹೊರತೆಗೆದು ಹೊಸದಕ್ಕೆ ತುಂಬುವ ವಿಧಾನವನ್ನು ಆ ಆ್ಯಪ್ ಕಂಪನಿಯ ಸಹಾಯದ ಪುಟದಲ್ಲಿ ಓದಿಕೊಂಡು ಒಂದೊಂದೇ ಒತ್ತಿದೆ. ಸ್ವಲ್ಪ ಹೊತ್ತಿಗೆ ಹೊಸ ಖಾತೆಯಲ್ಲಿ ಹೆಸರುಗಳು ಒಂದರ ಕೆಳಗೊಂದು ಬಂದು ನಿಂತವು. ಬ್ಯಾಂಕು ಬಂತು, ಗ್ಯಾಸು ಬಂತು, ಕರೆಂಟು ಬಂತು. ಬ್ಲೀಚಿಂಗ್ ಪೌಡರ್ ಅಂಗಡಿಯೂ ಬಂತು. ಆ ಹೆಸರನ್ನು ಕಂಡು ನನಗೆ ಸಮಾಧಾನವಾಯಿತು. ಅದನ್ನು ತೆರೆದು ನೋಡಲಿಲ್ಲ.

ಹಳೆಯ ಖಾತೆಯನ್ನು ಅಳಿಸಲು ಹೋದೆ. ಇದು ಶಾಶ್ವತ, ಹಿಂದಕ್ಕೆ ತರಲಾಗುವುದಿಲ್ಲ ಎಂದು ಅದು ಎಚ್ಚರಿಸಿತು. ಎಚ್ಚರಿಕೆಯನ್ನು ನಾನು ಓದಿದೆ. ಅವಸರವಿರಲಿಲ್ಲ, ಯಾರೂ ಕರೆಯುತ್ತಿರಲಿಲ್ಲ. ಬರಬೇಕಾದದ್ದು ಬಂದಿದೆ, ಉಳಿದದ್ದು ಕಸ, ಅದು ಇದ್ದಷ್ಟು ಹೊತ್ತೂ ಅಪಾಯ ಎಂದು ನನ್ನ ಕೈಗೆ ಗೊತ್ತಿತ್ತು. ಪಾಸ್‌ವರ್ಡ್ ಹಾಕಿ ಒತ್ತಿದೆ.

ಅನಂತರ ಹೊಸ ಖಾತೆಯಲ್ಲಿ ಆ ಹೆಸರನ್ನು ತೆರೆದೆ. ಹೆಸರಿತ್ತು. ಯಾರಿಗೂ ಸಂಶಯ ಬಾರದಿರಲೆಂದು ಬರೆದಿದ್ದ "ಎರಡು ಚೀಲ ತರಬೇಕು" ಎಂಬ ಟಿಪ್ಪಣಿಯೂ ಇತ್ತು. ಫೋಟೋಗಳಿದ್ದ ಜಾಗ ಖಾಲಿ.

ಸಹಾಯದ ಪುಟವನ್ನು ಮತ್ತೆ ತೆರೆದು ಕೊನೆಯವರೆಗೆ ಓದಿದೆ. ಅಂಟಿಸಿದ ಫೈಲುಗಳು ಈ ವಿಧಾನದಲ್ಲಿ ಬರುವುದಿಲ್ಲ, ಅವನ್ನು ಬೇರೆಯಾಗಿ ಇಳಿಸಿಕೊಳ್ಳಬೇಕು, ಎಲ್ಲ ಬಂದಿದೆಯೇ ಎಂದು ನೋಡಿಕೊಂಡ ಮೇಲಷ್ಟೇ ಹಳೆಯದನ್ನು ಅಳಿಸಬೇಕು ಎಂದು ಸ್ಪಷ್ಟವಾಗಿ ಬರೆದಿತ್ತು. ಕಂಪನಿಗೆ ಬರೆದೆ. ಎರಡು ದಿನಕ್ಕೆ ಉತ್ತರ ಬಂತು. ಮರ್ಯಾದೆಯಿಂದ, ನಿಮ್ಮ ಖಾತೆಯಲ್ಲಿದ್ದದ್ದನ್ನು ನಾವೂ ತೆರೆಯಲಾರೆವು, ಅಳಿಸಿದ ಮೇಲೆ ಮರಳಿ ತರಲಾರೆವು ಎಂದು ಬರೆದಿದ್ದರು. ಜಗಲಿಯ ಮೇಲೆ ಮೈದುನ ಹೇಳಿದ್ದೂ ಅದನ್ನೇ.

ಅವಳಿಗೆ ಫೋನಿನಲ್ಲಿ ಹೇಳಲಾರದೆ ಹೊರಟೆ. ಕೋಲಾರಕ್ಕೆ ಬಸ್ಸು, ಅಲ್ಲಿಂದ ಬಂಗಾರಪೇಟೆ, ಅಲ್ಲಿಂದ ರೈಲು. ಟೇಕಲ್ ನಿಲ್ದಾಣಕ್ಕೆ ಅವಳೇ ಬಂದಿದ್ದಳು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಬೆಳಿಗ್ಗೆ ಹಾಸಿಗೆ ಬದಲಿಸಿದ್ದು, ಲ್ಯಾಪ್‌ಟಾಪ್ ತೆರೆದದ್ದು, ಎಚ್ಚರಿಕೆಯನ್ನು ಓದಿದ್ದು, ಓದಿಯೂ ಒತ್ತಿದ್ದು.

ಮುಗಿದ ಮೇಲೆ, "ಹುಳ ಸಾಕಿ ಸಾಕಿ ನಿನ್ ಕಣ್ಗೆ ಎಲ್ಲಾ ಹುಳ ಆಗೋಗೈತಲ್ಲಕ್ಕಾ," ಅಂದಳು. ನಕ್ಕಳೋ ಎಂದು ನೋಡಿದೆ. ನಗಲಿಲ್ಲ.

"ತಪ್ಪಾಯ್ತು ಕಣೇ."

"ತಪ್ಪಾಯ್ತು ಅಂದ್ಬಿಟ್ರೆ ಮುಗೀತಾ? ನಾನು ಆ ಲಾಯರಮ್ಮಂಗೆ ಏನಂತ ಹೇಳ್ಲಿ? ನಮ್ಮಕ್ಕ ತಿಪ್ಪೆಗೆ ಹಾಕ್ಬಿಟ್ಳು ಅಂತ್ಲಾ?"

ಒಂದು ಗೂಡ್ಸ್ ರೈಲು ನಿಲ್ಲದೆ ಹೋಯಿತು. ಅದು ಪೂರ್ತಿ ದಾಟುವವರೆಗೆ ಅವಳು ಕಾದಳು.

"ನೀನೇ ಬಂದು ಹೇಳ್ತೀಯಾ?" ಎಂದು ಕೇಳಿದಳು.

ಫೋಟೋಗಳು ಇದ್ದಿದ್ದರೆ ಅವೇ ಹೇಳುತ್ತವೆ, ನಾನು ಹೋಗಬೇಕಾಗಿಲ್ಲ ಎಂದು ನಾನು ಎಣಿಸಿದ್ದೆ. ಮೈದುನನ ಎದುರು, ಅದೂ ಕೋರ್ಟಿನಲ್ಲಿ, ಬಾಯಿ ತೆರೆಯಬೇಕಾಗುತ್ತದೆಂದು ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. "ಹೇಳ್ತೀನಿ," ಅಂದೆ. ಅವಳಿಗೆ ನಂಬಿಕೆ ಬಂದ ಹಾಗೆ ಕಾಣಲಿಲ್ಲ.

ಮಾಲೂರಿನಲ್ಲಿ ವಕೀಲರು ಇಡೀ ಸಂಗತಿಯನ್ನು ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಫೋಟೋ ಇದ್ದಿದ್ರೂ ತೆಗೆದವರು ನೀವೇ ಬಂದು ಹೇಳ್ಬೇಕಿತ್ತಮ್ಮ. ಅದು ತಾನಾಗೇ ಏನೂ ಹೇಳಲ್ಲ. ಈಗ ಬರೀ ನಿಮ್ಮ ಮಾತು. ಅಷ್ಟೇ ವ್ಯತ್ಯಾಸ."

ಅಷ್ಟೇ ಎಂದು ಅವರು ಹೇಳಿದ ರೀತಿಯಲ್ಲಿಯೇ ಅದು ಎಷ್ಟು ದೊಡ್ಡ ವ್ಯತ್ಯಾಸ ಎಂದು ತಿಳಿಯಿತು. ನಾನು ಹೇಳಿದ್ದನ್ನು ಕೇಳಿಕೊಂಡು, ಕೋರ್ಟಿಗೆ ಕೊಡುವ ಪ್ರಮಾಣಪತ್ರ ಟೈಪು ಮಾಡಿಸಿ ಓದಲು ಕೊಟ್ಟರು. ಅದರಲ್ಲಿ ಒಂದು ವಾಕ್ಯ ಹೀಗಿತ್ತು: ಎದುರುದಾರನು ಅರ್ಜಿದಾರಳನ್ನು ನನ್ನ ಕಣ್ಣೆದುರಿನಲ್ಲಿಯೇ ಹೊಡೆದಿರುತ್ತಾನೆ.

"ಇದನ್ನ ನಾನು ಹೇಳಿಲ್ಲ," ಅಂದೆ.

"ಟೈಪ್ ಮಾಡೋರು ರೂಢಿ ಮೇಲೆ ಹಾಕಿರ್ತಾರೆ. ನೀವು ನೋಡಿಲ್ವಾ?"

"ಹೊಡೆಯೋದು ನೋಡಿಲ್ಲ. ಹೊಡೆದ ಮೇಲೆ ನೋಡಿದ್ದು."

ಓರಗಿತ್ತಿ ನನ್ನ ಮೊಣಕೈ ಹಿಡಿದಳು. "ಇರ್ಲಿ ಬಿಡಕ್ಕಾ. ಸುಳ್ಳೇನಲ್ವಲ್ಲ. ಹೊಡ್ದಿದ್ದು ನಿಜ ತಾನೇ?"

ವಕೀಲರು ನನ್ನನ್ನು ನೋಡುತ್ತಿದ್ದರು. ಅವಳ ಪುರಾವೆಯನ್ನು ಕಳೆದವಳು ನಾನು. ಒಂದು ವಾಕ್ಯವನ್ನು ಇದ್ದ ಹಾಗೆ ಬಿಟ್ಟರೆ ಕಳೆದದ್ದರ ಬದಲಿಗೆ ಏನೋ ಕೊಟ್ಟ ಹಾಗಾಗುತ್ತಿತ್ತು. ಬಹಳ ಹೊತ್ತು ಆ ಹಾಳೆಯನ್ನು ಹಿಡಿದುಕೊಂಡಿದ್ದೆ. ಅವನು ಹೊಡೆದ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಆ ವಾಕ್ಯ ನನ್ನ ಕಣ್ಣಿನ ಬಗ್ಗೆ ಹೇಳುತ್ತಿತ್ತು. ನನ್ನ ಕಣ್ಣು ಆ ಹೊತ್ತಿನಲ್ಲಿ ಅಲ್ಲಿರಲಿಲ್ಲ. ಯಾರಾದರೂ ಕೆದಕಿ, ಅದೊಂದು ಸುಳ್ಳೆಂದು ಬಯಲಾದರೆ, ನಾನು ನಿಜವಾಗಿ ಕಂಡದ್ದನ್ನೂ ಯಾರೂ ನಂಬುವುದಿಲ್ಲ ಎಂದು ಭಯವಾಯಿತು.

"ತೆಗೆದುಬಿಡಿ," ಅಂದೆ.

ಓರಗಿತ್ತಿ ಮೊಣಕೈ ಬಿಟ್ಟಳು. ವಾಪಸ್ಸು ಬರುವಾಗ ಬಸ್‌ಸ್ಟ್ಯಾಂಡಿನವರೆಗೂ ನನಗಿಂತ ಮುಂದೆ ಮುಂದೆ ನಡೆದಳು. ಬಸ್ಸು ಹತ್ತುವಾಗ, "ಹುಷಾರಾಗಿ ಹೋಗು," ಎಂದಳು, ಅಷ್ಟೇ.

ಮನೆಯಲ್ಲಿ ನನ್ನ ಗಂಡನಿಗೆ ಹೇಳಬೇಕಾಗಿತ್ತು. ಅವರು ಮಾತು ಕಡಿಮೆ ಇರುವ ಮನುಷ್ಯ. ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸಿ, ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಾ ಕೇಳಿಸಿಕೊಂಡರು.

"ಅವನು ನನ್ ತಮ್ಮ ಕಣೇ."

"ನಂಗೂ ಮೈದುನನೇ. ಅವನ ಮದ್ವೆಗೆ ಹೆಣ್ಣು ನೋಡಕ್ಕೆ ಹೋದೋಳು ನಾನೇ."

"ಅದಕ್ಕೆ? ನೀನೇ ಹೋಗಿ ಅವನ ಮೇಲೆ ಹೇಳ್ಬೇಕಾ?"

"ಅವನ ಮೇಲೆ ಹೇಳಲ್ಲ. ನಾನು ನೋಡಿದ್ದು ಹೇಳ್ತೀನಿ."

ಅವರು ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು, "ಆ ಫೋಟೋ ಹೋಗಿದ್ದು ಒಂದ್ ರೀತೀಲಿ ಒಳ್ಳೇದೇ ಆಯ್ತು ಅನ್ಕೊಂಡಿದ್ದೆ," ಎಂದರು.

ಖಾಲಿ ಜಾಗವನ್ನು ಕಂಡ ಆ ಗಳಿಗೆಯಲ್ಲಿ ಎದೆ ಒಡೆದದ್ದು ನಿಜ. ಅದರ ಬೆನ್ನಿಗೇ, ಇನ್ನು ಯಾರೂ ನನ್ನನ್ನು ಏನೂ ಕೇಳುವುದಿಲ್ಲ ಎಂಬ ಒಂದು ಹಗುರವೂ ಬಂದು ಹೋಗಿತ್ತು. ಅದು ಎಷ್ಟು ಹೊತ್ತು ಇತ್ತೋ, ಹೇಳಲಾರೆ. ಇತ್ತು. ಗಂಡನ ಬಾಯಿಂದ ಅದೇ ಮಾತು ಕೇಳಿದಾಗ ನಾಚಿಕೆಯಾಯಿತು. ಕೋರ್ಟಿನ ದಿನ ಅವರು ನನ್ನನ್ನು ತಡೆಯಲಿಲ್ಲ. ಬಸ್ಸಿನವರೆಗೆ ಬೈಕಿನಲ್ಲಿ ಬಿಟ್ಟು, ಅಲ್ಲಿಂದಲೇ ತಿರುಗಿಸಿಕೊಂಡು ಹೋದರು.

ಕೋರ್ಟಿನಲ್ಲಿ ಮೈದುನ ಬಿಳಿ ಷರ್ಟು ಹಾಕಿಕೊಂಡು ಹಿಂದಿನ ಬೆಂಚಿನಲ್ಲಿದ್ದ. ನನ್ನನ್ನು ಕಂಡು ಎದ್ದು ನಿಂತ. ರೂಢಿಯಿಂದ ಎದ್ದನೆಂದು ಕಾಣುತ್ತದೆ, ಮತ್ತೆ ಕೂತ. ನನ್ನ ಹೆಸರು ಕೂಗಿದರು. ಕಟಕಟೆಯ ಕಂಬಿ ಹಿಡಿದುಕೊಂಡೆ. ಅವನ ಕಡೆಯ ವಕೀಲರು ವಯಸ್ಸಾದವರು, ಪಾಟೀಸವಾಲನ್ನು ಮೆಲ್ಲಗೇ ಶುರುಮಾಡಿದರು.

"ಅಮ್ಮಾ, ನಿಮ್ಮ ಮೈದುನ ಹೊಡೆದದ್ದನ್ನ ನೀವು ಕಣ್ಣಾರೆ ನೋಡಿದ್ದೀರಾ?"

"ಇಲ್ಲ."

"ಫೋಟೋ ತೆಗೆದೆ ಅಂತ ಹೇಳಿದ್ದೀರಿ. ಎಲ್ಲಿ?"

"ಇಲ್ಲ. ಹೊಸ ಖಾತೆಗೆ ಬದಲಾಯಿಸುವಾಗ ಹೋದವು."

"ಹೋದವಾ? ಇರಲೇ ಇಲ್ಲ ಅಂತ ನಾನು ಹೇಳ್ತೀನಿ."

"ಇದ್ದವು. ಹಳೇ ಖಾತೆ ನಾನೇ ಅಳಿಸಿದೆ."

"ಅಂದ್ರೆ ತೋರಿಸಕ್ಕೆ ನಿಮ್ಮ ಹತ್ರ ಏನೂ ಇಲ್ಲ."

"ತೋರಿಸಕ್ಕೆ ಏನೂ ಇಲ್ಲ."

ಅವರು ಅಷ್ಟು ಸಾಕೆಂದು ಕೂತರು. ನಮ್ಮ ವಕೀಲರು ಎದ್ದು ಏನೋ ಹೇಳುವುದರೊಳಗೆ ನ್ಯಾಯಾಧೀಶರು ನನ್ನ ಕಡೆ ತಿರುಗಿದರು.

"ಆ ಫೋಟೋಗಳಲ್ಲಿ ಏನಿತ್ತು?"

ನಾನು ಹೇಳಿದೆ. ಮೊದಲನೆಯದರಲ್ಲಿ ಎಡತೋಳು. ಮೊಣಕೈಗಿಂತ ಮೇಲೆ, ಹೊರಗಡೆ ನಾಲ್ಕು ಬೆರಳಿನ ಗುರುತು, ಒಳಗಡೆ ಹೆಬ್ಬೆರಳಿನದು. ಬೆರಳಿನ ಗುರುತುಗಳ ನಡುವೆ ಚರ್ಮ ಮಾಮೂಲಿನ ಹಾಗೇ ಇತ್ತು, ಗುರುತು ಮಾತ್ರ ನೀಲಿ. ಎರಡನೆಯದರಲ್ಲಿ ಎಡಕಿವಿ. ಓಲೆ ಇರಲಿಲ್ಲ. ಓಲೆಯ ತೂತು ಕೆಳಗಿನವರೆಗೆ ಸೀಳಿತ್ತು. ಕಿವಿಯ ಹಿಂದೆ ರಕ್ತ ಒಣಗಿ ಕೂದಲಿಗೆ ಅಂಟಿತ್ತು. ಅದನ್ನು ನೀರಿನಲ್ಲಿ ನೆನೆಸಿ ಬಿಡಿಸಿದವಳು ನಾನು. ಬಿಡಿಸುವಾಗ ಅವಳು ಹುಳುವಿಗೆ ಸೊಪ್ಪು ಹಾಕುವ ಹೊತ್ತಾಯಿತು ಎಂದಳು. ಯಾರು ಮಾಡಿದ್ದು ಎಂದು ಕೇಳಿದೆ. ಅವಳು ಹೇಳಿದ್ದು ಯಾರ ಹೆಸರನ್ನು ಎಂಬುದನ್ನೂ ಹೇಳಿದೆ. ಅದು ನಾನು ಕೇಳಿದ್ದು, ಕಂಡದ್ದಲ್ಲ ಎಂದೂ ಹೇಳಿದೆ. ಉಳಿದ ಫೋಟೋಗಳನ್ನೂ ಹೀಗೆಯೇ, ತೆಗೆದ ಕ್ರಮದಲ್ಲಿ ಹೇಳುತ್ತಾ ಹೋದೆ. ಒಂದರಲ್ಲಿ ಎಡವೋ ಬಲವೋ ಎಂಬುದು ನೆನಪಿಗೆ ಬರಲಿಲ್ಲ. ಬರುತ್ತಿಲ್ಲ ಎಂದೆ.

ಟೈಪು ಮಾಡುವವರ ಕೈ ನಿಂತುಬಿಟ್ಟಿತ್ತು. "ಅವರು ಹೇಳಿದ ಹಾಗೇ ಹಾಕಿ," ಎಂದರು ನ್ಯಾಯಾಧೀಶರು. "ನೀವು ನಿಧಾನವಾಗಿ ಇನ್ನೊಂದು ಸಲ ಹೇಳಿಮ್ಮ."

ಮೊದಲಿಂದ ಮತ್ತೆ ಹೇಳಿದೆ. ಹಿಂದಿನ ಬೆಂಚಿನ ಕಡೆ ನಾನು ನೋಡಲಿಲ್ಲ.

ಹೊರಗೆ ಬಂದು ಟೀ ಅಂಗಡಿಯ ಮುಂದೆ ನಿಂತೆವು. ಓರಗಿತ್ತಿ ಲೋಟ ಹಿಡಿದುಕೊಂಡು ಕುಡಿಯದೆ ನಿಂತಿದ್ದಳು. "ಸೊಪ್ಪಿನ ಹೊತ್ತಾಯ್ತು ಅಂದಿದ್ನಾ ನಾನು?" ಎಂದು ಕೇಳಿದಳು.

"ಅಂದೆ."

"ನಂಗೆ ಅದು ನೆನಪೇ ಇಲ್ವಕ್ಕಾ." ಆಮೇಲೆ, "ಫೋಟೋದಲ್ಲಿ ಅದೆಲ್ಲಿ ಇರ್ತಿತ್ತು," ಎಂದಳು. ಅದು ಕ್ಷಮಿಸಿದ ಮಾತೋ, ಅಲ್ಲವೋ, ನನಗೆ ತಿಳಿಯಲಿಲ್ಲ. ಕೇಳಲಿಲ್ಲ.

ಕೆಲವು ವಾರಗಳ ಮೇಲೆ ಆದೇಶವಾಯಿತು. ಅವನು ಆ ಮನೆಯ ಹತ್ತಿರ ಸುಳಿಯಬಾರದು, ಮಗು ತಾಯಿಯ ಬಳಿಯೇ ಇರಬೇಕು. ಅದರಲ್ಲಿ ನನ್ನ ಮಾತಿನ ಪಾಲು ಎಷ್ಟೋ, ವಕೀಲರು ಹೇಳಲಿಲ್ಲ. ಇದುವರೆಗೆ ಅವನು ಟೇಕಲ್ ಕಡೆ ಹೋಗಿಲ್ಲ. ನಮ್ಮ ಅಂಗಳದಲ್ಲಿ ಎದುರಾದಾಗ ಅವನು ಗೋಡೆಯ ಕಡೆ ನೋಡಿಕೊಂಡು ದಾಟುತ್ತಾನೆ. ನಾನು ಅವನನ್ನು ನೋಡಿಕೊಂಡೇ ದಾಟುತ್ತೇನೆ.